ಮಾವನ ಲಾರಿಗೆ ಟೇಪ್ ಸೆಟ್ಟು ಬಂದದ್ದು

ಮನುಷ್ಯ ಊರಿಗೆ ಬರುವುದಕ್ಕೆ ವರ್ಷಗಟ್ಟಲೆ ಮೊದಲೇ ಅವನ ಸ್ವರ ಬಂದು ಮುಟ್ಟುತ್ತಿದ್ದ ಕಾಲ ಅದು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಅಪ್ಪ ಮಸ್ಕತ್ತಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದರು. ಮೂಡುಬಿದಿರೆ ಹತ್ತಿರದ ಬೆಳುವಾಯಿಯ ನಮ್ಮ ಮನೆಗೆ ಫೋನಿರಲಿಲ್ಲ. ಕಾಗದ ಬರೆಯುವುದೆಂದರೆ ಅಪ್ಪನಿಗೆ ಉದಾಸೀನ. ಅದಕ್ಕೆ ಅಲ್ಲಿಂದ ರಜೆಯಲ್ಲಿ ಬರುವ ಯಾರಾದರೊಬ್ಬರ ಕೈಯಲ್ಲಿ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದರು. ಹಾಡಿನದ್ದಲ್ಲ, ಮಾತಿನ ಕ್ಯಾಸೆಟ್. ಫಾರಿನ್ ಸೋಪಿನ ಜೊತೆ ಪೆಟ್ಟಿಗೆಯಲ್ಲಿ ಬಂದದ್ದರಿಂದ ಅದಕ್ಕೂ ಸೋಪಿನ ಪರಿಮಳ. ಅಪ್ಪನ ಪರಿಮಳ ಅದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಕ್ಯಾಸೆಟ್ ಬಂತು, ಸರಿ. ಕೇಳುವುದು ಎಲ್ಲಿ? ನಮ್ಮ ಓಣಿಯಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಒಂದೇ ಮನೆಯಲ್ಲಿ, ಲಿಲ್ಲಿಬಾಯಿಯವರಲ್ಲಿ. ಅವರ ಮಗ ಕುವೈತಿನಿಂದ ತಂದದ್ದು. ಲಿಲ್ಲಿಬಾಯಿ ಅದಕ್ಕೆ ಕ್ರೋಶಾದಲ್ಲಿ ಹೊದಿಕೆ ಹೆಣೆದು ಹಾಕಿದ್ದರು. ಯಾರ ಮನೆಯ ಕ್ಯಾಸೆಟ್ ಬಂದರೂ ಅವರ ಜಗಲಿಯಲ್ಲಿ ಕೇಳುವುದು, ಕೇಳಲು ಓಣಿಯವರೆಲ್ಲ ಬರುವುದು, ಲಿಲ್ಲಿಬಾಯಿ ಎಲ್ಲರಿಗೂ ಚಹಾ ಕೊಡುವುದು, ಇದು ರೂಢಿ. ಸ್ವರ ಕಳಿಸುವವರಿಗೂ ಗೊತ್ತಿತ್ತು. ಅಪ್ಪ ಹಾಜರಿ ಕರೆದ ಹಾಗೆ ಒಬ್ಬೊಬ್ಬರ ಹೆಸರು ಹೇಳಿ ವಿಚಾರಿಸುತ್ತಿದ್ದರು. "ಲಿಲ್ಲಿಬಾಯಮ್ಮ, ನಿಮ್ಮ ಮಂಡಿನೋವು ಹೇಗುಂಟು?" ಎಂದು ಪೆಟ್ಟಿಗೆ ಕೇಳಿದರೆ, ಇವರು ಪೆಟ್ಟಿಗೆಗೇ, "ಹಾಗೇ ಉಂಟು ಮಗಾ, ಎಣ್ಣೆ ಹಚ್ತೇನೆ" ಎಂದು ಉತ್ತರ ಕೊಡುತ್ತಿದ್ದರು. ಅಮ್ಮನ ಸರದಿ ಕೊನೆಗೆ. "ಮತ್ತೆ ನೀನು ಹುಷಾರು." ಅಷ್ಟೇ. ಅಮ್ಮ ಬೀಡಿಯ ಸೂಪು, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಎಲೆ ಸುತ್ತುತ್ತಲೇ ಕೇಳುತ್ತಿದ್ದಳು. ಅಷ್ಟು ಜನರ ಎದುರು ಅವಳು ತಲೆ ಎತ್ತಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಮಳೆ ಬಿಟ್ಟ ಹೊಸತರಲ್ಲಿ ಬಂದ ಕ್ಯಾಸೆಟ್ ಮಾತ್ರ ಬೇರೆ ಥರ ಮುಗಿಯಿತು. ಎಲ್ಲರನ್ನೂ ವಿಚಾರಿಸಿದ ಮೇಲೆ ಅಪ್ಪ ಒಮ್ಮೆ ಕೆಮ್ಮಿ, "ಈ ಬದಿ ಎಲ್ಲರಿಗೆ. ಆ ಬದಿ ಮನೆಗೆ," ಎಂದರು. ಟೇಪು ಗರಗರ ಎಂದು ನಿಂತಿತು.

ಜಗಲಿಯಲ್ಲಿ ಒಬ್ಬರೂ ಏಳಲಿಲ್ಲ.

"ತಿರುಗಿಸುವ, ಆ ಬದಿಯಲ್ಲಿ ಎಂಥ ಉಂಟು ನೋಡುವ," ಎಂದು ಲಿಲ್ಲಿಬಾಯಿ ಕೈ ಹಾಕಿದರು. ಕೆಟ್ಟ ಬುದ್ಧಿಯಿಂದ ಅಲ್ಲ. ತಟ್ಟೆಯಲ್ಲಿ ಇನ್ನೊಂದು ಗೋಳಿಬಜೆ ಉಂಟಲ್ಲ, ತಿನ್ನುವ ಎಂಬ ಹಾಗೆ.

ಅಮ್ಮನ ಮಡಿಲಿನ ಸೂಪು ಓರೆಯಾಗಿ ಹೊಗೆಸೊಪ್ಪಿನ ಹುಡಿ ಚೆಲ್ಲಿತು. "ಬೇಡ ಬಾಯಮ್ಮ, ದನ ಕರೆಯಲಿಕ್ಕೆ ಹೊತ್ತಾಯಿತು," ಎಂದು ಅವಳು ಕ್ಯಾಸೆಟ್ ತೆಗೆದುಕೊಂಡು ಎದ್ದಳು. ನಮ್ಮಲ್ಲಿ ಆಗ ಕರೆಯುವ ದನ ಇರಲಿಲ್ಲ.

ಬಿ ಬದಿ ಹಾಗೆಯೇ ಉಳಿಯಿತು. ಅಮ್ಮ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಕ್ಕಿ ಮುಡಿಯ ಹಿಂದೆ ಇಟ್ಟಳು. ರೆಕಾರ್ಡರ್ ಒಂದು ಗಂಟೆಗೆ ಕೊಡಿ ಎಂದು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಯಾಕೆ ಎಂದು ಹೇಳಬೇಕು. ಹೇಳದಿದ್ದರೆ ಓಣಿಯೇ ಊಹಿಸಿ ನಗುತ್ತದೆ. ಅದಕ್ಕಿಂತ ಕೇಳದೆ ಇರುವುದು ವಾಸಿ ಎಂದು ಅವಳು ತೀರ್ಮಾನಿಸಿದ್ದಳು. ಆದರೆ ಕೈ ಒಪ್ಪಬೇಕಲ್ಲ? ಸುತ್ತಿದ ಬೀಡಿ ಬಿಚ್ಚಿಕೊಳ್ಳುತ್ತಿತ್ತು. ನೀರುದೋಸೆ ಕಾವಲಿಯಲ್ಲೇ ಕರಿಯಾಗುತ್ತಿತ್ತು. ದಿನಕ್ಕೊಮ್ಮೆ ಅಕ್ಕಿ ಮುಡಿಯ ಹಿಂದೆ ಏನೋ ಒರೆಸಲು ಹೋಗುತ್ತಿದ್ದಳು. ಅವಳನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲಗೋರಿ ಆಡಲು ಹೋದರೆ ಚೆಂಡು ಬೆನ್ನಿಗೆ ಬೀಳುವವರೆಗೂ ಮಂಡೆ ಬೇರೆಲ್ಲೋ. ಹನ್ನೆರಡು ವರ್ಷದ ಹುಡುಗಿಗೆ ಬೇಕಾದದ್ದು ಇಷ್ಟೇ: ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ಅದರಲ್ಲಿ ಒಂದು ಕ್ಯಾಸೆಟ್ ತಿರುಗಿಸುವ ಯಂತ್ರ.

ಎರಡನ್ನೂ ಒಟ್ಟಿಗೆ ತಂದುಕೊಟ್ಟದ್ದು ಮಾವನ ಲಾರಿ.

ಜಗ್ಗು ಮಾವ ಅಮ್ಮನ ತಮ್ಮ. ನಮ್ಮದು ಅಮ್ಮನ ತವರುಮನೆಯೇ, ಹಾಗಾಗಿ ಅವರೂ ಅಲ್ಲೇ. ಅಷ್ಟು ಕಾಲ ಇನ್ನೊಬ್ಬರ ಲಾರಿ ಓಡಿಸಿ ಆ ವರ್ಷ ತನ್ನದೇ ಒಂದು ತೆಗೆದಿದ್ದರು, ಕೋರೆಯಲ್ಲಿ ಕಡಿದ ಮುರಕಲ್ಲು, ಮನೆ ಕಟ್ಟುವ ಕೆಂಪು ಕಲ್ಲು, ಸಾಗಿಸಲು. ಆಗ ಲಾರಿ ಎಂದರೆ ಎಂಜಿನು, ಚಕ್ರ, ಡ್ಯಾಷ್‌ಬೋರ್ಡು, ಅಷ್ಟೇ ಬರುವುದು. ಕ್ಯಾಬಿನ್ನು, ಹಿಂದಿನ ಬಾಡಿ ನಾವೇ ಕಟ್ಟಿಸಬೇಕು. ಬಂಟ್ವಾಳದ ಗ್ಯಾರೇಜಿನಲ್ಲಿ ಅದು ನಿಂತಿತ್ತು. ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ಹೊಸ ರೆಕ್ಸಿನ್ನು, ತಿನ್ನರು, ಸೀಳಿದ ಮರದ ಹುಡಿ. ಆ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ಚಡಪಡಿಕೆ ಶುರುವಾಗುತ್ತದೆ. ಡ್ಯಾಷ್‌ಬೋರ್ಡಿನ ನಡುವೆ ಒಂದು ಚೌಕದ ತೂತು.

"ಇದೆಂಥದು ಮಾವ?"

"ರೇಡಿಯೋ ಇಡುವ ಜಾಗ. ಕಂಪೆನಿಯದ್ದೇ ರೇಡಿಯೋ ಉಂಟು. ಶೋರೂಮಿನವರಿಗೆ ಹೇಳಿದ್ದೇನೆ. ಈ ತೂತಿಗೆ ಸರೀ ಕೂತುಕೊಳ್ತದೆ. ಗ್ಯಾರಂಟಿ ಉಂಟು. ಪ್ರದೇಶ ಸಮಾಚಾರ ಕೇಳಬಹುದು, ತಾಳಮದ್ದಳೆ ಕೇಳಬಹುದು."

"ಕ್ಯಾಸೆಟ್ ಹಾಕ್ಲಿಕ್ಕೆ ಆಗ್ತದಾ?"

"ರೇಡಿಯೋಕ್ಕೆ ಯಾರು ಕ್ಯಾಸೆಟ್ ಹಾಕ್ತಾರೆ ಮಾರಾಯ್ತಿ?"

ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಬಸ್ಸು ಮೂಡುಬಿದಿರೆ ಮುಟ್ಟುವವರೆಗೆ ನಾನು ಲೆಕ್ಕ ಹಾಕಿದೆ. ಅಮ್ಮನ ವಿಷಯ ಎತ್ತುವ ಹಾಗಿಲ್ಲ. ಎತ್ತಿದರೆ ಮಾವ ನಗುತ್ತಾರೆ, ಮಾವ ನಕ್ಕರೆ ಅಮ್ಮ ಡಬ್ಬಿಯನ್ನು ಬಾವಿಗೆ ಹಾಕುತ್ತಾಳೆ. ವ್ಯಾಪಾರದಲ್ಲಿ ನನಗೆ ಮೊದಲು ಹೊಳೆದ ಗುಟ್ಟು ಅದೇ, ಕೇಳಿದವರಿಗೆಲ್ಲ ಇಂದಿಗೂ ಹೇಳುತ್ತೇನೆ: ನಿಮಗೆ ಯಾಕೆ ಬೇಕು ಎಂದು ಹೇಳಬೇಡಿ. ಎದುರಿನವನಿಗೆ ಯಾಕೆ ಬೇಕು ಎಂದು ಹುಡುಕಿ.

ಅಂದು ಊಟಕ್ಕೆ ಕೂತಾಗ ಶುರು ಮಾಡಿದೆ.

"ಮಾವ, ನೀವು ಕೋರೆಗೆ ಹೋಗುವುದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ. ಯಾಕೆ?"

"ಲೋಡು ಮಾಡಿ ಹೊರಡುವಾಗ ಹತ್ತು ಗಂಟೆ ಆಗ್ತದಲ್ಲ? ಆ ಹೊತ್ತಿಗೆ ರೇಡಿಯೋದವರು ಬಾಗಿಲು ಹಾಕ್ತಾರೆ. ಮತ್ತೆ ತೆಗೆಯುವುದು ನಿಮಗೆ ಊಟದ ಹೊತ್ತಿಗೆ. ನೀವು ಎರಡನೇ ಟ್ರಿಪ್ಪು ಹೊರಟಿರೋ, ಅವರು ಪುನಃ ಬಾಗಿಲು ಹಾಕಿ ಮಲಗ್ತಾರೆ. ನೀವು ಲಾರಿಯಲ್ಲಿ ಇರುವಾಗ ಅದು ಗುಯ್ ಅಂತದೆ, ಅದು ಹಾಡುವಾಗ ನೀವು ಮನೆಯಲ್ಲಿ ಇರ್ತೀರಿ."

ಮಾವ ಮೀನುಸಾರಿನಲ್ಲಿ ಕೈಯಿಟ್ಟು ಹಾಗೆಯೇ ನನ್ನನ್ನು ನೋಡಿದರು. ಅಮ್ಮ ಅನ್ನದ ಪಾತ್ರೆಯ ಕಡೆಗೇ ನೋಡುತ್ತಿದ್ದಳು.

"ಗುರುವಾಯನಕೆರೆ ದಾಟಿ ಚಾರ್ಮಾಡಿ ಘಟ್ಟದ ಕಡೆ ಬಾಡಿಗೆ ಸಿಕ್ಕಿದರೆ ಗುಯ್ ಸಹ ಇಲ್ಲ," ಎಂದೆ. "ಕ್ಯಾಸೆಟ್ ಸೆಟ್ಟಾದರೆ ನೀವು ಹೇಳಿದಾಗ ಭಾಗವತರು ಹಾಡ್ತಾರೆ, ನಿಲ್ಲಿಸು ಅಂದಾಗ ನಿಲ್ಲಿಸ್ತಾರೆ."

"ಅಕ್ಕ, ಇವಳನ್ನು ಶಾಲೆ ಬಿಡಿಸಿ ವಕೀಲರ ಹತ್ತಿರ ಬಿಡುವ," ಎಂದರು ಮಾವ. ಆಮೇಲೆ ತಲೆ ಆಡಿಸಿದರು. "ಆಗ್ಲಿಕ್ಕಿಲ್ಲ. ಹೊರಗಿನ ಸೆಟ್ಟಿಗೆ ಗ್ಯಾರಂಟಿ ಇಲ್ಲ. ತೂತಿಗೆ ಕೂತುಕೊಳ್ಳುವುದಿಲ್ಲ, ಅಡಿಯಲ್ಲಿ ನೇತು ಹಾಕಬೇಕು. ನೇತು ಹಾಕಿದ್ದನ್ನು ಕಳ್ಳ ಬಿಚ್ಚಿಕೊಂಡು ಹೋಗ್ತಾನೆ. ಹೊಸ ಲಾರಿಗೆ ಕಂಪೆನಿಯದ್ದೇ ಚಂದ."

ಮಾವ ಹೇಳಿದ್ದು ಒಂದೂ ಸುಳ್ಳಲ್ಲ. ಅದೇ ತೊಂದರೆ. ಸರಿಯಾದ ಮಾತನ್ನು ಸರಿಯಾದ ಮಾತಿನಿಂದ ಸೋಲಿಸಲಾಗುವುದಿಲ್ಲ, ಬೇರೇನಾದರೂ ಕೊಡಬೇಕು. ನನ್ನ ಹತ್ತಿರ ಇದ್ದದ್ದು ಒಂದು ಹುಂಜ.

ಕೆಮ್ಮೈರೆ, ಅಂದರೆ ಕೆಂಪು ಮೈಯದ್ದು. ಮರಿಯಿರುವಾಗ ಗಿಡುಗನ ಕಾಲಿನಿಂದ ಬಿದ್ದದ್ದನ್ನು ಅರಿಶಿನ ಹಚ್ಚಿ ಸಾಕಿದ್ದೆ. ನಾನು ಶಾಲೆಯಿಂದ ಬರುವಾಗ ಗೇಟಿನವರೆಗೆ ಓಡಿ ಬರುತ್ತಿತ್ತು. ಮಾವನಿಗೆ ಕೋಳಿ ಅಂಕದಲ್ಲಿ ಹುಂಜ ಕಾದಿಸುವ ಹುಚ್ಚು. ಈ ಹುಂಜದ ಕುತ್ತಿಗೆ, ಕಾಲು, ನಡಿಗೆ ನೋಡಿ ಒಂದು ವರ್ಷದಿಂದ ಕೇಳುತ್ತಿದ್ದರು. ನಾನು ಕೊಟ್ಟಿರಲಿಲ್ಲ. ಕೊಡುವುದೂ ಇಲ್ಲವೆಂದು ಆಣೆ ಹಾಕಿದ್ದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಾವನ ಎದುರು ಅದನ್ನು ಎತ್ತಿಕೊಂಡು ಹೋಗಿ ನಿಂತೆ. "ಕ್ಯಾಸೆಟ್ ಸೆಟ್ಟು ಹಾಕಿಸಿದರೆ ಇದು ನಿಮಗೆ."

ಮಾವನ ಬಾಯಿಯ ನೊರೆ ಹಾಗೆಯೇ ನಿಂತಿತು. "ನಿಜವಾ?"

"ಸೆಟ್ಟು ಕೂತ ಮೇಲೆ. ಮೊದಲು ಅಲ್ಲ."

"ಹಾಡಿನ ಹುಚ್ಚು ಇಷ್ಟುಂಟಾ ವಿಜ್ಜಿ ನಿನಗೆ?"

"ಉಂಟು," ಎಂದೆ. ಒಲೆಯ ಮುಂದಿದ್ದ ಅಮ್ಮ ಊದುಗೊಳವೆ ಕೆಳಗಿಟ್ಟ ಸದ್ದು ಕೇಳಿಸಿತು.

ಮೂಡುಬಿದಿರೆಯಲ್ಲಿ ಇಸ್ಮಾಯಿಲ್ ಬ್ಯಾರಿಯವರ ಅಂಗಡಿ. ಅತ್ತರು, ಟಾರ್ಚು, ಛತ್ರಿ, ಕ್ಯಾಸೆಟ್ ಸೆಟ್ಟು, ಹಡಗಿನಲ್ಲಿ ಬಂದದ್ದೆಲ್ಲ ಅಲ್ಲಿ. ಗಾಜಿನ ಕಪಾಟಿನಿಂದ ಅವರು ಒಂದು ಕಾರಿನ ಸೆಟ್ಟು ತೆಗೆದರು, ಬೆಳ್ಳಿ ಬಣ್ಣದ ಗುಂಡಿಗಳದ್ದು. ಮಾವ ರೇಟಿನ ಮಾತು ಮುಗಿಸಿ ಕೈ ಕುಲುಕುವ ಹೊತ್ತಿಗೆ ನಾನು ಬಾಯಿ ಹಾಕಿದೆ.

"ನೇತು ಹಾಕುವ ಪಟ್ಟಿ?"

"ಅದು ಬೇರೆ ಮೋಳೆ," ಎಂದರು ಬ್ಯಾರಿ. ಮೋಳೆ ಎಂದರೆ ಅವರ ಮಾತಿನಲ್ಲಿ ಮಗಳೇ.

"ಪಟ್ಟಿ ಇಲ್ಲದೆ ಇದನ್ನು ಮಾವ ತೊಡೆ ಮೇಲೆ ಇಟ್ಟುಕೊಳ್ಳಬೇಕಾ?"

ಬ್ಯಾರಿ ಪಟ್ಟಿ ಇಟ್ಟರು. ಸ್ಪೀಕರಿನ ಜಾಲರಿ ಕೇಳಿದೆ, ಇಟ್ಟರು. ಗಾಜು ಪೂರ್ತಿ ಏರಿಸಿದರೆ ಸ್ವರ ಹೊರಗೆ ಕೇಳುತ್ತದೋ ಎಂದು ಕೇಳಿದೆ. ಅವರು ಕನ್ನಡಕ ಕೆಳಗೆ ಮಾಡಿ ನೋಡಿದರು. "ಎಲ್ಲರೂ ಹೊರಗೆ ಕೇಳುವ ಸೆಟ್ಟು ಕೇಳ್ತಾರೆ. ನೀನು ಒಬ್ಬಳು ಹೊರಗೆ ಕೇಳದ್ದು ಕೇಳ್ತಿ. ಸ್ವರ ಕಡಿಮೆ ಮಾಡು, ಕೇಳುವುದಿಲ್ಲ."

ಬಾಡಿ ಮುಗಿದು ಲಾರಿ ಬಂದ ಮೇಲೆ, ವಯರು ಎಳೆಯುವಾಗ ಅವರೇ ಮಾವನಿಗೆ ಹೇಳಿದರು: "ಜಗ್ಗಣ್ಣ, ನಿಮ್ಮ ಲಾರಿಗೆ ಎರಡು ಬ್ಯಾಟರಿ. ಇದು ಕಾರಿನ ಸೆಟ್ಟು, ಇದಕ್ಕೆ ಅರ್ಧ ಸಾಕು. ಒಂದೇ ಬ್ಯಾಟರಿಯಿಂದ ನೇರ ಕೊಟ್ಟಿದ್ದೇನೆ, ಕೀ ಸಹ ಬೇಡ. ಓಡುವಾಗ ತೊಂದರೆ ಇಲ್ಲ. ನಿಲ್ಲಿಸಿ ತುಂಬ ಹೊತ್ತು ಹಾಕಿದರೆ ಆ ಒಂದು ಬ್ಯಾಟರಿ ಇಳಿದು ಬೆಳಿಗ್ಗೆ ಸ್ಟಾರ್ಟ್ ಆಗ್ಲಿಕ್ಕಿಲ್ಲ."

"ನಿಂತ ಲಾರಿಯಲ್ಲಿ ಕೂತು ಹಾಡು ಕೇಳಲಿಕ್ಕೆ ನನಗೆ ಮರುಳಾ?" ಎಂದು ಮಾವ ನಕ್ಕರು.

ನಾನು ನಗಲಿಲ್ಲ. ಅಮ್ಮನಿಗೆ ಈ ಮಾತು ಮುಟ್ಟಿಸಲೂ ಇಲ್ಲ. ಮುಟ್ಟಿಸಿದರೆ ಅವಳು ಲಾರಿ ಏರುತ್ತಿರಲಿಲ್ಲ.

ಮುಂದಿನ ಭಾನುವಾರ ಊಟ ಆದ ಕೂಡಲೇ ಮಾವ ಕೆಮ್ಮೈರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಕಕ್ಕೆ ಹೊರಟರು. ಹುಂಜ ಒಮ್ಮೆ ಕತ್ತು ಹೊರಳಿಸಿ ಗೇಟಿನ ಕಡೆ ನೋಡಿತು. ನಾನು ನೋಡದ ಹಾಗೆ ಮಾಡಿದೆ. ಲಾರಿ ಅಂಗಳದಲ್ಲಿತ್ತು, ಕೆಂಪು ಹುಡಿ ಮೆತ್ತಿಕೊಂಡು.

"ಅಮ್ಮ, ಲಾರಿ ಒಳಗೆ ಒರೆಸಿ ಇಡಬೇಕಂತೆ."

"ಯಾರಂತೆ?"

"ಹಾಗಂತೆ."

ಅಮ್ಮ ಸೂಪು ಕೆಳಗಿಟ್ಟಳು. ಒಳಗೆ ಹೋದಳು. ಹಳೆಯ ಬಟ್ಟೆಯ ಗಂಟು ಹಿಡಿದುಕೊಂಡು ಹೊರಗೆ ಬಂದಳು. ಗಂಟಿನ ಮೂಲೆಯಲ್ಲಿ ಡಬ್ಬಿಯ ಅಂಚು ಕಾಣುತ್ತಿತ್ತು. ಲಾರಿ ಏರುವುದು ಅವಳಿಗೆ ಅಭ್ಯಾಸ ಇರಲಿಲ್ಲ, ಸೀರೆ ಎತ್ತಿ ಕಟ್ಟಿ ಚಕ್ರದ ಮೇಲೆ ಕಾಲಿಟ್ಟು ಹೇಗೋ ಹತ್ತಿದಳು. ಯಾವ ಗುಂಡಿ ಎಂದು ತೋರಿಸಿ, ಗಾಜು ಎರಡೂ ಏರಿಸಿ, ನಾನು ಕೆಳಗಿಳಿದೆ.

ಮನೆಯ ಎತ್ತರದ ಮೆಟ್ಟಿಲ ಮೇಲೆ, ಲಾರಿಗೆ ಎದುರಾಗಿ, ಕಲ್ಲಾಟದ ಹರಳು ಹರಡಿ ಕೂತೆ. ಒಂದು ಕಲ್ಲು ಮೇಲೆ ಹಾರಿಸುವುದು, ಹಿಡಿಯಲಾಗದೆ ಬೀಳಿಸುವುದು. ಲಗೋರಿಗೆ ಕರೆಯಲು ಬಂದವರನ್ನು ಮಾವ ಮಲಗಿದ್ದಾರೆ ಎಂದು ಓಡಿಸಿದೆ. ಲಿಲ್ಲಿಬಾಯಿ ಬೇಲಿಯ ಆಚೆಯಿಂದ, "ಅಮ್ಮ ಎಲ್ಲಿ ಮಾರಾಯ್ತಿ?" ಎಂದು ಕೇಳಿದರು. "ದನ ಹುಡುಕಲು," ಎಂದೆ. ಅವರು ನಮ್ಮ ಖಾಲಿ ಹಟ್ಟಿಯ ಕಡೆ ಒಮ್ಮೆ ನೋಡಿ ಹೋದರು.

ಗಾಜಿನೊಳಗೆ ಅಮ್ಮನ ಕೈಯಲ್ಲಿ ಬೀಡಿ ಎಲೆ ಇರಲಿಲ್ಲ. ಹಾಗೆ ಸುಮ್ಮನೆ ಮಡಿಲಲ್ಲಿ ಬಿದ್ದಿದ್ದ ಆ ಕೈಗಳನ್ನು ನಾನು ಮೊದಲ ಸಲ ಕಂಡೆ. ತಲೆ ಎತ್ತಿ ಕೂತಿದ್ದಳು. ಒಮ್ಮೆ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡಳು. ಮುಗಿದಿರಬೇಕು, ಬಾಗಿ ಗುಂಡಿ ಒತ್ತಿದಳು, ಮತ್ತೆ ಹಾಕಿದಳು. ಮತ್ತೆ. ಮತ್ತೆ. ಬಿಸಿಲು ಲಾರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಯಿತು. ಇಳಿ ಎಂದು ಹೇಳಲು ನಾನು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಮಾವನ ಕೆಮ್ಮು ಗದ್ದೆಯ ಬದುವಿನಲ್ಲಿ ಕೇಳಿದಾಗ ಓಡಿ ಹೋಗಿ ಲಾರಿಯ ಬಾಗಿಲು ಬಡಿದೆ. ಅವಳು ಅವಸರದಲ್ಲಿ ಇಳಿದು ಒಳಗೆ ಓಡಿದಳು.

ಮಾವ ಬರಿಗೈಯಲ್ಲಿ ಬಂದಿದ್ದರು. ನನ್ನ ಹುಂಜ ಎದುರಿನ ಹುಂಜವನ್ನು ಒಮ್ಮೆ ನೋಡಿ ಜನರ ಕಾಲಿನ ನಡುವೆ ಓಡಿತಂತೆ. ಓಡಿದ ಕೋಳಿ ಗೆದ್ದವನಿಗೆ, ಅವನ ಮನೆಯ ಸಾರಿನ ಪಾತ್ರೆಗೆ. "ಒಳ್ಳೆ ಧೈರ್ಯಸ್ಥನನ್ನು ಕೊಟ್ಟೆ ಮಾರಾಯ್ತಿ," ಎಂದರು. ಅಂದು ರಾತ್ರಿ ಕೋಳಿಗೂಡಿನ ಬಾಗಿಲು ಹಾಕಲು ನಾನು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಲಾರಿ "ಕಟ್" ಎಂದಿತು. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ. ಕೋರೆಯಲ್ಲಿ ಆಳುಗಳು ಕಾಯುತ್ತಿದ್ದರು. ಓಣಿಯವರೆಲ್ಲ ದೂಡಲು ಬಂದರು, ಲಿಲ್ಲಿಬಾಯಿ ಮಂಡಿನೋವು ಮರೆತು ಎಲ್ಲರಿಗಿಂತ ಮುಂದೆ. ಸಮತಟ್ಟು ಅಂಗಳ; ಲಾರಿ ಅಲ್ಲಾಡಲಿಲ್ಲ.

ಮಾವ ಬಗ್ಗಿ ಸೆಟ್ಟಿನ ಗುಂಡಿ ಒತ್ತಿದರು. ಕ್ಯಾಸೆಟ್ ಅರ್ಧ ಹೊರಗೆ ಬಂತು. ಅವಸರದಲ್ಲಿ ಅಮ್ಮ ಅದನ್ನು ಅಲ್ಲೇ ಬಿಟ್ಟಿದ್ದಳು. ಸೀಟಿನ ಮೇಲೆ ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಎಂಥ ಕ್ಯಾಸೆಟ್ ಅದು ಜಗ್ಗಣ್ಣ? ಬಾಲಣ್ಣಂದಾ? ಕೊಡಿ ನಮ್ಮಲ್ಲಿ ಹಾಕಿ ಕೇಳುವ," ಎಂದು ಲಿಲ್ಲಿಬಾಯಿ ಕೈ ಚಾಚಿದರು. ಬಾಲಣ್ಣ ಎಂದರೆ ಅಪ್ಪ.

ಮಾವ ಕ್ಯಾಸೆಟ್ಟನ್ನು ನೋಡಿದರು. ಅಕ್ಕನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಹುಂಜದ ಲೆಕ್ಕ ಅವರಿಗೆ ಅರ್ಥವಾದದ್ದು ಆ ಗಳಿಗೆಯಲ್ಲಿ ಇರಬೇಕು.

"ಭಾವಂದು ಎಲ್ಲಿಂದ? ಇದು ತಾಳಮದ್ದಳೆ," ಎಂದು ಅಂಗಿಯ ಕಿಸೆಗೆ ಹಾಕಿಕೊಂಡರು. "ನಿನ್ನೆ ಅಂಕದಿಂದ ಬಂದು ಕೇಳ್ತಾ ಕೂತೆ, ಬಂದ್ ಮಾಡಲಿಕ್ಕೆ ಮರೆತೆ. ನನ್ನದೇ ಮಂಡೆ ಸರಿ ಇಲ್ಲ."

"ಅಯ್ಯೋ ದೇವಾ, ಹೊಸ ಲಾರಿಯವನ ಅವಸ್ಥೆ!" ಎಂದು ಓಣಿಯೇ ನಕ್ಕಿತು. ಮಾವನೂ ನಕ್ಕರು. ಬೇರೆ ಲಾರಿ ಬಂದು ಹಗ್ಗ ಹಾಕಿ ಎಳೆದ ಮೇಲೆ ನಮ್ಮದು ಹೊಗೆ ಕಾರುತ್ತ ಎದ್ದಿತು. ಹೊರಡುವ ಮೊದಲು ಮಾವ ಒಳಗೆ ಹೋಗಿ ಅಡುಗೆಮನೆಯ ಕಿಟಕಿಯ ದಳಿಯ ಬುಡದಲ್ಲಿ ಕ್ಯಾಸೆಟ್ ಇಟ್ಟು, "ಅಕ್ಕ, ಚಹಾ ಉಂಟಾ?" ಎಂದಷ್ಟೇ ಕೇಳಿದರು.

ಮುಂದಿನ ಶನಿವಾರ ಲಾರಿ ಅಂಗಳಕ್ಕೆ ಬರಲಿಲ್ಲ. ಮನೆಯ ಬದಿಯಲ್ಲಿ ಗದ್ದೆಯ ಪಕ್ಕದ ಮಣ್ಣಿನ ದಾರಿಗೆ ಇಳಿಯುವ ಒಂದು ಇಳಿಜಾರು ಇತ್ತು. ಮಾವ ಅಲ್ಲಿ, ಮೂತಿ ಕೆಳಮುಖ ಮಾಡಿ ಲಾರಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಒಂದು ಮುರಕಲ್ಲು ಅಡ್ಡ ಇಟ್ಟರು. ಯಾಕೆಂದು ಯಾರೂ ಕೇಳಲಿಲ್ಲ. ಅಲ್ಲಿ ನಿಂತ ಲಾರಿಗೆ ಬ್ಯಾಟರಿ ಇದ್ದರೆಷ್ಟು, ಸತ್ತರೆಷ್ಟು. ಸೋಮವಾರ ಬೆಳಿಗ್ಗೆ ಕಲ್ಲು ತೆಗೆದು ಗೇರಿಗೆ ಹಾಕಿ ಬಿಟ್ಟರೆ ತಾನೇ ಉರುಳಿ ಸ್ಟಾರ್ಟ್ ಆಗುತ್ತದೆ. ಆ ವರ್ಷವೂ, ಮುಂದೆ ಅಪ್ಪ ಊರಿಗೆ ಬಂದು ನಿಲ್ಲುವವರೆಗೂ, ಭಾನುವಾರ ಮಧ್ಯಾಹ್ನ ಮಾವನಿಗೆ ಹೊರಗೆ ಏನಾದರೂ ಕೆಲಸ ಇದ್ದೇ ಇರುತ್ತಿತ್ತು. ಅಂಕ ಇಲ್ಲದ ಮಳೆಗಾಲದಲ್ಲೂ.

ಆ ಬದಿಯಲ್ಲಿ ಎಂಥ ಇತ್ತು ಎಂದು ದೊಡ್ಡವಳಾದ ಮೇಲೆ ಒಮ್ಮೆ ಅಮ್ಮನನ್ನು ಕೇಳಿದೆ. "ಹಾಡಿದ್ದರು," ಎಂದಳು. "ಶ್ರುತಿ ಇಲ್ಲ, ತಾಳ ಇಲ್ಲ." ಬೀಡಿಯ ಎಲೆ ಕತ್ತರಿಸುತ್ತಿದ್ದವಳು ಮುಖ ತಿರುಗಿಸಿದಳು. ಅದಕ್ಕಿಂತ ಹೆಚ್ಚು ಸಿಗಲಿಲ್ಲ.

ಈಗ ಮೂಡುಬಿದಿರೆಯಲ್ಲಿ ನನ್ನದೇ ಅಂಗಡಿ, ಗಾಡಿಗಳಿಗೆ ಸೆಟ್ಟು ಕೂರಿಸುವುದು. ಬಂದವರು ಕೇಳುತ್ತಾರೆ: "ಕಂಪೆನಿಯದ್ದೇ ಇರಲಾ ಅಕ್ಕ, ಹೊರಗಿನದ್ದು ಹಾಕಿಸಲಾ?" ವಯರು ಕತ್ತರಿಸಬೇಡಿ, ಗ್ಯಾರಂಟಿ ಹೋಗುತ್ತದೆ, ಎರಡು ಬ್ಯಾಟರಿಯ ಗಾಡಿಗೆ ಒಂದರಿಂದ ಕರೆಂಟು ಎಳೆಯಲೇಬೇಡಿ, ಕರೆಂಟು ಇಳಿಸುವ ಡಬ್ಬಿ ಹಾಕಿ ಎಂದು ಹೇಳುತ್ತೇನೆ. ಗ್ಯಾರಂಟಿಯದ್ದು ಮಾವ ಅಂದು ಹೇಳಿದ್ದೇ, ಬ್ಯಾಟರಿಯದ್ದು ಆ ಸೋಮವಾರ ಕಲಿತದ್ದು. ಆಮೇಲೆ, ಗಾಡಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತೇನೆ. ಅವರಿಗೆ ಆ ಪ್ರಶ್ನೆ ಅರ್ಥವಾಗುವುದಿಲ್ಲ. ಗಂಡ ಹೆಂಡತಿಯ ಮಾತನ್ನು ಬಸ್ಸಿನಲ್ಲಿ ಫೋನಿನ ಸ್ಪೀಕರ್ ಹಾಕಿ ಊರಿಗೆಲ್ಲ ಕೇಳಿಸುವ ಕಾಲದಲ್ಲಿ ಅರ್ಥವಾಗಬೇಕಾದರೂ ಯಾಕೆ?

ಮನೆಯ ಇಳಿಜಾರನ್ನು ಹೋದ ಬೇಸಿಗೆಯಲ್ಲಿ ಮಣ್ಣು ತುಂಬಿ ಸಮ ಮಾಡಿಸಿದೆವು. ಅಂಗಳದಿಂದ ಅಲ್ಲಿಯವರೆಗೂ ಇಂಟರ್‌ಲಾಕು ಹಾಸು. ರೇಟು ಚೆನ್ನಾಗಿಯೇ ಮಾತಾಡಿದ್ದೆ. ಮೊನ್ನೆ ಜಗ್ಗು ಮಾವ ತಮ್ಮ ಕಾರಿನಲ್ಲಿ ಬಂದರು. ಹಳೆಯ ಜಾಗದಲ್ಲೇ ನಿಲ್ಲಿಸಿ ಇಳಿದು, ಸುತ್ತ ನೋಡಿದರು, ಬಗ್ಗಿ ನೋಡಿದರು, ಗೋಡೆಯ ಬುಡದವರೆಗೆ ಹೋಗಿ ಬಂದರು.

"ಎಂಥ ಹುಡುಕುವುದು ಮಾವ?"

"ಚಕ್ರಕ್ಕೆ ಇಡಲಿಕ್ಕೆ ಒಂದು ಕಲ್ಲು," ಎಂದರು.

ಅಷ್ಟು ದೊಡ್ಡ ಅಂಗಳದಲ್ಲಿ ಒಂದು ಕಲ್ಲು ಸಿಗಲಿಲ್ಲ.